366ನೆಯ ದಿನದ ಲೆಕ್ಕ

ಹಲವು ಎಲೆಕ್ಟ್ರಾನಿಕ್ ಸಾಧನಗಳ ಒಳಗಡಿಯಾರಕ್ಕೆ ತಿಂಗಳು, ವರ್ಷಗಳ ಅರಿವಿರುವುದಿಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳಿನ ನೆರವಿನಿಂದ ಸೆಕೆಂಡುಗಳನ್ನು ಕೂಡಿಸುತ್ತ, ಗೊತ್ತುಪಡಿಸಿದ ಒಂದು ದಿನದಿಂದೀಚೆಗೆ ಎಷ್ಟು ದಿನ ಕಳೆಯಿತೆಂಬ ಎಣಿಕೆಯನ್ನಷ್ಟೇ ಅದು ಇಟ್ಟುಕೊಂಡಿರುತ್ತದೆ; ಅದನ್ನು ವರ್ಷಕ್ಕೆ ಮಾರ್ಪಡಿಸುವುದು ತಂತ್ರಾಂಶದ, ಅಂದರೆ ಯಂತ್ರಕ್ಕೆ ಬರೆದುಕೊಟ್ಟ ಸೂಚನೆಗಳ ಕೆಲಸ. ಭಾರತೀಯ ಖಗೋಳ ಗಣಿತದಲ್ಲಿ ಇಂಥ ದಿನರಾಶಿಯನ್ನು ಅಹರ್ಗಣ ಎನ್ನುತ್ತಾರೆ. 43,20,000 ಸೌರವರ್ಷಗಳಿಗೆ 157 ಕೋಟಿ 79 ಲಕ್ಷ 17 ಸಾವಿರದ 500 ದಿನಗಳೆಂದು ಆರ್ಯಭಟನು ಹೇಳಿರುವುದರಿಂದ, ಅವನ ಪದ್ಧತಿಯಲ್ಲಿ ದಿನಗಳಿಂದ ವರ್ಷವನ್ನು ಪಡೆಯಲು ತ್ರೈರಾಶಿಯೊಂದೇ ಸಾಕು.

ಇಂದು ಬಳಕೆಯಲ್ಲಿರುವ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ ಈ ಸೌಕರ್ಯವಿಲ್ಲ. ಅದರ 400 ವರ್ಷಗಳಲ್ಲಿ 97 ಅಧಿಕ ವರ್ಷಗಳಿದ್ದು, ಸರಾಸರಿ ವರ್ಷ 365.2425 ದಿನಗಳದ್ದಾಗುತ್ತದೆಯಾದರೂ, ಯಾವ ಒಂದು ವರ್ಷವೂ ಅಷ್ಟು ಉದ್ದವಾಗಿರುವುದಿಲ್ಲ. ಅದು 365 ಇಲ್ಲವೇ 366 ದಿನಗಳದ್ದು. 1980ರ ಜನವರಿ 1ನ್ನು ಒಂದನೆಯ ದಿನವೆಂದು ಎಣಿಸಿದರೆ 2008ರ ಡಿಸೆಂಬರ್ 31 ಎಂಬುದು 10,593ನೆಯ ದಿನ. ಈ ಸಂಖ್ಯೆಯನ್ನು 365ರಿಂದ ಭಾಗಿಸಿದರೆ 29 ವರ್ಷ ಮುಗಿದು 8 ದಿನ ಉಳಿಯುವುದರಿಂದ ಉತ್ತರ 2009ರ ಜನವರಿ 8 ಎಂದಾಗುತ್ತದೆ. ಆದಕಾರಣ ಒಂದೊಂದೇ ವರ್ಷವನ್ನು ಅದರದರ ಉದ್ದಕ್ಕೆ ತಕ್ಕಂತೆ ಕಳೆಯುತ್ತ ಹೋಗುವ ಕ್ರಮ ರೂಢಿಗೆ ಬಂದಿದೆ.

ಮೈಕ್ರೋಸಾಫ್ಟ್ ಕಂಪನಿಯು 2006ರಲ್ಲಿ ಮಾರುಕಟ್ಟೆಗೆ ತಂದ 30 ಗಿಗಾಬೈಟ್‌ನ ಝೂನ್ ಸಂಗೀತ ಸಾಧನದ ತಂತ್ರಾಂಶವೂ ಇದೇ ಕ್ರಮವನ್ನು ಅನುಸರಿಸುತ್ತಿತ್ತು. ಉಳಿದ ದಿನಗಳು 365ಕ್ಕಿಂತ ಹೆಚ್ಚಿರುವವರೆಗೂ ಕಳೆಯುವ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಬೇಕು. ಸಾಮಾನ್ಯ ವರ್ಷವಾದರೆ 365ನ್ನು ಕಳೆಯಬೇಕು. ಅಧಿಕ ವರ್ಷವಾದರೆ, ಉಳಿದದ್ದು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ 366ನ್ನು ಕಳೆಯಬೇಕು ಎಂಬುದು ಅದಕ್ಕಿದ್ದ ಸೂಚನೆ. ಮೇಲ್ನೋಟಕ್ಕೆ ಇದರಲ್ಲಿ ಕುಂದು ಕಾಣುವುದಿಲ್ಲ. ಆದರೆ 2008ರ ಡಿಸೆಂಬರ್ 31ರಂದು, 1980ರಿಂದ 2007ರವರೆಗಿನ 28 ವರ್ಷಗಳ 10,227 ದಿನಗಳನ್ನು ಕಳೆದ ಮೇಲೆ ಸರಿಯಾಗಿ 366 ಉಳಿಯಿತು. ಅದು 365ಕ್ಕಿಂತ ಹೆಚ್ಚಾದ್ದರಿಂದ ಯಂತ್ರವು ಆವರ್ತವನ್ನು ನಿಲ್ಲಿಸುವಂತಿರಲಿಲ್ಲ, 366ಕ್ಕಿಂತ ಹೆಚ್ಚಲ್ಲವಾದ್ದರಿಂದ ಏನನ್ನೂ ಕಳೆಯುವಂತೆಯೂ ಇರಲಿಲ್ಲ. ಅದೇ ಸಂಖ್ಯೆಯನ್ನು ಕೊನೆಯಿಲ್ಲದೆ ಪರೀಕ್ಷಿಸುತ್ತ ಕುಳಿತ ಆ ಸಾಧನಗಳು ಆ ದಿನ ಜಗತ್ತಿನ ಹಲವೆಡೆ ಒಟ್ಟಿಗೇ ಸ್ತಬ್ಧವಾದವು.

ಬ್ಯಾಟರಿ ಪೂರ್ತಿ ಬರಿದಾಗಲು ಬಿಟ್ಟು, ಜನವರಿ 1ರಂದು ಗ್ರೀನಿಚ್ ಕಾಲಮಾನದ ಮಧ್ಯಾಹ್ನ ಕಳೆದ ಮೇಲೆ ಮತ್ತೆ ಚಾರ್ಜ್ ಮಾಡುವಂತೆ ಕಂಪನಿ ಸೂಚಿಸಿತು. ಈ ಸಲಹೆಯಲ್ಲಿ ದುರಸ್ತಿಯೇನೂ ಇರಲಿಲ್ಲ. ದಿನ ಉರುಳಿ ಶೇಷವು 367 ಆದೊಡನೆ 366ನ್ನು ಕಳೆಯಲು ದಾರಿಯಾಗಿ, ಒಂದು ಉಳಿದು, ವರ್ಷ 2009 ಎಂದು ತಾನಾಗಿಯೇ ಸಿದ್ಧಿಸುತ್ತಿತ್ತು. ನಿಜವಾದ ಪರಿಹಾರ ಇದಕ್ಕಿಂತ ಕಷ್ಟದ್ದಲ್ಲ: ಅಧಿಕ ವರ್ಷದಲ್ಲಿ ಉಳಿದದ್ದು 366ನ್ನು ಮೀರದಿದ್ದರೆ ಆವರ್ತವನ್ನು ಅಲ್ಲಿಯೇ ನಿಲ್ಲಿಸಬೇಕೆಂಬ ಒಂದು ಸಾಲಿನ ಸೂಚನೆ. ಅದನ್ನು ಸೇರಿಸದೆ ಹಾಗೆಯೇ ಬಿಟ್ಟ ಸಾಧನವು 2012ರ ಡಿಸೆಂಬರ್ 31ರಂದು ಮತ್ತೆ ಅದೇ ಸಂಖ್ಯೆಯ ಮುಂದೆ ನಿಲ್ಲಬೇಕಾಗುತ್ತಿತ್ತು.