ಕಾಲವನ್ನು ಮಡಿಸಿದಾಗ ಸದ್ದು ಎಲ್ಲಿ ಹೋಗುತ್ತದೆ?

ಮನೆಯಂಗಳದ ಕುಂಡದಲ್ಲಿ ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದವರನ್ನು ಕರೆದು ತೋರಿಸುವ ರೂಢಿ ಕರ್ನಾಟಕದ ಎಷ್ಟೋ ಊರುಗಳಲ್ಲಿದೆ. ಸಂಜೆಗತ್ತಲಲ್ಲಿ ಬಿರಿಯತೊಡಗುವ ಮೊಗ್ಗು ನಡುರಾತ್ರಿಯ ಹೊತ್ತಿಗೆ ಪೂರ್ತಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡಿ ಜೋಲುತ್ತದೆ. ಅರಳಿದ ಹೂವನ್ನು ಎಲ್ಲರೂ ನೋಡುತ್ತಾರೆ. ಎಸಳುಗಳು ಸರಿಯುವುದನ್ನು ಕಂಡವರು ಕಡಿಮೆ, ಏಕೆಂದರೆ ಆ ಚಲನೆ ಕಣ್ಣಿಗೆ ನಿಲುಕದಷ್ಟು ನಿಧಾನ. ಅದನ್ನು ಕಾಣುವಂತೆ ಮಾಡುವ ವಿದ್ಯೆಯೇ ಟೈಮ್‌ಲ್ಯಾಪ್ಸ್ ಛಾಯಾಗ್ರಹಣ.

ಇದರ ತತ್ವ ಸರಳ. ಕ್ಯಾಮೆರಾವನ್ನು ಅಲುಗದಂತೆ ಒಂದೆಡೆ ನಿಲ್ಲಿಸಿ, ಗೊತ್ತಾದ ಅಂತರದಲ್ಲಿ ಒಂದೊಂದೇ ಚಿತ್ರ ತೆಗೆಯುತ್ತ ಹೋಗಬೇಕು. ಆ ಚಿತ್ರಗಳನ್ನು ಸಿನಿಮಾದಂತೆ ಸೆಕೆಂಡಿಗೆ 24ರ ಲೆಕ್ಕದಲ್ಲಿ ಓಡಿಸಿದರೆ ಗಂಟೆಗಳು ಸೆಕೆಂಡುಗಳಾಗುತ್ತವೆ. ಹೂವು ನಾಲ್ಕು ಗಂಟೆಗಳಲ್ಲಿ ಅರಳುತ್ತದೆ, ಅದನ್ನು 12 ಸೆಕೆಂಡುಗಳಲ್ಲಿ ತೋರಿಸಬೇಕು ಎಂದಿಟ್ಟುಕೊಳ್ಳೋಣ. ಅದಕ್ಕೆ ಬೇಕಾದ ಚಿತ್ರಗಳು 288. ನಾಲ್ಕು ಗಂಟೆ ಎಂದರೆ 14,400 ಸೆಕೆಂಡು. ಭಾಗಿಸಿದರೆ 50 ಸೆಕೆಂಡಿಗೊಂದು ಚಿತ್ರ. ಕಾಲ ಇಲ್ಲಿ 1,200 ಪಟ್ಟು ಮಡಿಸಿಕೊಂಡಿದೆ.

ಕಣ್ಣಿನ ಲೆಕ್ಕ ಇಷ್ಟಕ್ಕೆ ಮುಗಿಯಿತು. ಆದರೆ ಆ ರಾತ್ರಿಯ ಸದ್ದು? ಜೀರುಂಡೆಯ ಕೊರೆತ, ದೂರದ ನಾಯಿಯ ಬೊಗಳು, ನೋಡಲು ಬಂದವರ ಮಾತು ಎಲ್ಲಿ ಹೋದವು? ಇಂಥ ಚಿತ್ರ ಮಾಡಲು ಹೊರಟವರು ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು.

ಮೂಕ ಹೂಗಳು

ಈ ಕಲೆ ಹುಟ್ಟಿದ್ದು ಮೂಕಿಚಿತ್ರಗಳ ಕಾಲದಲ್ಲಿ. ಇಂಗ್ಲೆಂಡಿನ ಪರ್ಸಿ ಸ್ಮಿತ್ 1910ರಲ್ಲಿ 'ದಿ ಬರ್ತ್ ಆಫ್ ಎ ಫ್ಲವರ್' ಎಂಬ ಕಿರುಚಿತ್ರದಲ್ಲಿ ಹೂಗಳು ಅರಳುವುದನ್ನು ಬೆಳ್ಳಿತೆರೆಯ ಮೇಲೆ ತೋರಿಸಿದರು. ಜರ್ಮನಿಯಲ್ಲಿ ಗೊಬ್ಬರದ ಪ್ರಚಾರಕ್ಕಾಗಿ ಬಿಎಎಸ್‌ಎಫ್ ಕಂಪನಿ ತೆಗೆಸಿದ್ದ ಸಸ್ಯಗಳ ಚಿತ್ರಗಳೇ 1926ರಲ್ಲಿ 'ದಾಸ್ ಬ್ಲೂಮೆನ್‌ವುಂಡರ್' ಎಂಬ ಪೂರ್ಣ ಪ್ರಮಾಣದ ಚಲನಚಿತ್ರವಾದವು. ಹೆಸರಿನ ಅರ್ಥ 'ಹೂಗಳ ಅದ್ಭುತ'. ಅದಕ್ಕೆ ವಾದ್ಯವೃಂದದ ಸಂಗೀತ ರಚಿಸಿದವರು ಎಡ್ವರ್ಡ್ ಕ್ಯುನೆಕೆ. ಬಳ್ಳಿ ಬಳುಕುವುದನ್ನು ನೃತ್ಯದ ಜತೆ ಹೋಲಿಸಿ ತೋರಿಸಿದ ಆ ಚಿತ್ರದಲ್ಲಿ ಗಿಡ ಬೆಳೆದ ಜಾಗದ ಸದ್ದು ಮಾತ್ರ ಇರಲಿಲ್ಲ. ಸದ್ದಿನ ಜಾಗದಲ್ಲಿ ಸಂಗೀತ ಕೂತಿತು.

ಧ್ವನಿಮುದ್ರಣ ಸುಲಭವಾದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಇದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ.

ಹತ್ತು ಸ್ಥಾಯಿಗಳ ಗಡಿ

ಮುದ್ರಿಸಿದ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಅದರ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆ. ನಾಲ್ಕು ಪಟ್ಟಿಗೆ ಎರಡು ಸ್ಥಾಯಿ, ಎಂಟು ಪಟ್ಟಿಗೆ ಮೂರು. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು, ಅಂದರೆ ಹತ್ತು ಸ್ಥಾಯಿಗಳಷ್ಟು. ಬ್ರಹ್ಮಕಮಲದ ರಾತ್ರಿಯ ಸದ್ದನ್ನೂ 1,200 ಪಟ್ಟು ಮಡಿಸಿದರೆ ಕಿವಿಗೆ ಕೇಳುವ ಅತಿ ತಗ್ಗಿನ 20 ಹರ್ಟ್ಸ್ ಸದ್ದು ಕೂಡ 24,000 ಹರ್ಟ್ಸ್ ಆಗುತ್ತದೆ. ಆ ರಾತ್ರಿ ಕೇಳಿಸಿದ್ದ ಪ್ರತಿಯೊಂದು ಸದ್ದೂ ಕಿವಿಯ ಗಡಿ ದಾಟಿಬಿಡುತ್ತದೆ. ಚಿತ್ರದ ಕಾಲ ಮಡಿಸಿದರೆ ಹೂವು ಅರಳುತ್ತದೆ, ಸದ್ದಿನ ಕಾಲ ಮಡಿಸಿದರೆ ಮೌನ ಉಳಿಯುತ್ತದೆ.

ಆದ್ದರಿಂದಲೇ ಇಂಥ ಚಿತ್ರಗಳು ಸಂಗೀತದ ಮೊರೆಹೋದವು. ಅದರ ದೊಡ್ಡ ಸಾಧನೆ 1982ರ 'ಕೊಯಾನಿಸ್‌ಕಾಟ್ಸಿ'. ಅಮೆರಿಕದ ಮೂಲನಿವಾಸಿ ಹೋಪಿ ಜನರ ಭಾಷೆಯಲ್ಲಿ ಈ ಪದಕ್ಕೆ 'ಸಮತೋಲ ತಪ್ಪಿದ ಬದುಕು' ಎಂಬ ಅರ್ಥವಿದೆ. ಗಾಡ್‌ಫ್ರಿ ರೆಜಿಯೊ ನಿರ್ದೇಶನ, ರಾನ್ ಫ್ರಿಕೆ ಛಾಯಾಗ್ರಹಣದ ಈ ಚಿತ್ರದಲ್ಲಿ ಸಂಭಾಷಣೆ ಇಲ್ಲ. ಓಡುವ ಮೋಡಗಳ, ಇರುಳಿನ ಹೆದ್ದಾರಿಯಲ್ಲಿ ಹರಿಯುವ ವಾಹನ ದೀಪಗಳ ಜತೆಗೆ ಫಿಲಿಪ್ ಗ್ಲಾಸ್ ಸಂಗೀತವಿದೆ. ಚಿತ್ರಕ್ಕೆ ತಕ್ಕಂತೆ ಸಂಗೀತ, ಸಂಗೀತಕ್ಕೆ ತಕ್ಕಂತೆ ಸಂಕಲನ ಎಂದು ಎರಡನ್ನೂ ಪರಸ್ಪರ ತಿದ್ದಿ ಕಟ್ಟಿದ್ದರಿಂದ ಅಲ್ಲಿ ಸಂಗೀತ ಬರೀ ಹಿನ್ನೆಲೆಯಾಗಿ ಉಳಿದಿಲ್ಲ.

ಕಾಡು ನಿಂತಿದೆ, ಹಕ್ಕಿ ಇಲ್ಲ

ಸಂಗೀತ ಎಷ್ಟೇ ಚೆನ್ನಾಗಿದ್ದರೂ ಅದು ಆ ಸ್ಥಳದ ದನಿಯಲ್ಲ. ಆ ದನಿಯನ್ನು ಬಿಟ್ಟರೆ ಏನು ಕಳೆಯುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೊ ಎಂಬ ಹುಲ್ಲುಗಾವಲು ಸಾಕ್ಷಿ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿರುವ ಈ ಜಾಗದ ಕಾಡಿನಲ್ಲಿ ಆಯ್ದ ಮರಗಳನ್ನಷ್ಟೇ ಕಡಿಯುತ್ತೇವೆ, ಪರಿಸರಕ್ಕೆ ಧಕ್ಕೆಯಾಗದು ಎಂದು ಮರ ಕಡಿಯುವವರು ಭರವಸೆ ಕೊಟ್ಟಿದ್ದರು. ಧ್ವನಿಮುದ್ರಣಕಾರ ಬರ್ನಿ ಕ್ರಾಸ್ 1988ರ ಜೂನ್‌ನಲ್ಲಿ, ಕಡಿತಕ್ಕೆ ಮುನ್ನ, ಅಲ್ಲಿನ ಮುಂಜಾವಿನ ಸದ್ದನ್ನು ಮುದ್ರಿಸಿಕೊಂಡರು. ಕಡಿತ ಮುಗಿದ ಮೇಲೆ, ಒಂದು ವರ್ಷದ ನಂತರ ಅದೇ ಹೊತ್ತಿಗೆ ಮತ್ತೆ ಮುದ್ರಿಸಿದರು. ಎರಡೂ ವರ್ಷಗಳ ಫೋಟೊಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಮರಗಳ ಸಾಲು ಹಾಗೇ ಇತ್ತು. ಧ್ವನಿಯಲ್ಲಿ ಮಾತ್ರ ಹಕ್ಕಿಗಳ ಮೇಳ ಅಡಗಿತ್ತು. ಉಳಿದದ್ದು ತೊರೆಯ ಹರಿವು ಮತ್ತು ಮರಕುಟಿಗನ ಕುಟುಕು. ಮುಂದಿನ 25 ವರ್ಷಗಳಲ್ಲಿ 15 ಬಾರಿ ಅಲ್ಲಿಗೆ ಹೋದರೂ ಹಳೆಯ ಮೇಳ ಮರಳಿದ್ದನ್ನು ಅವರು ಕೇಳಲಿಲ್ಲ. ಬರೀ ಟೈಮ್‌ಲ್ಯಾಪ್ಸ್ ಇಟ್ಟಿದ್ದರೆ ಆ ಕಾಡು ಸುಖವಾಗಿದೆ ಎಂದೇ ಲೋಕ ನಂಬುತ್ತಿತ್ತು.

ಯೋಜನೆ ಹೇಗೆ?

ಮೊದಲು ಕ್ಯಾಮೆರಾದ ವಿಷಯ. ಅದನ್ನು ಗಟ್ಟಿಯಾಗಿ ಕಟ್ಟಿರಬೇಕು. ಬೆಳಕು ಮತ್ತು ಫೋಕಸ್ ಹೊಂದಿಕೆಯನ್ನು ಕ್ಯಾಮೆರಾದ ಇಚ್ಛೆಗೆ ಬಿಟ್ಟರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಕಪ್ಪಗೆ ಬಂದು ತೆರೆಯ ಮೇಲೆ ಮಿನುಗಾಟವಾಗುತ್ತದೆ. ಹೂವಿನಂಥ ರಾತ್ರಿಯ ಚಿತ್ರಣಕ್ಕೆ ಒಂದೇ ದೀಪ, ಒಂದೇ ಜಾಗ. ವರ್ಷಗಟ್ಟಲೆಯ ಯೋಜನೆಯಾದರೆ ಸೌರಫಲಕ, ಬ್ಯಾಟರಿ ಮತ್ತು ಮಳೆ ತಡೆಯುವ ಪೆಟ್ಟಿಗೆ ಬೇಕು. ಹಗಲಿನ 12 ಗಂಟೆಗಳಲ್ಲಿ ಗಂಟೆಗೊಂದರಂತೆ ತೆಗೆದರೆ ವರ್ಷಕ್ಕೆ 4,380 ಚಿತ್ರ. ಅದು ತೆರೆಯ ಮೇಲೆ ಮೂರೇ ನಿಮಿಷ.

ಧ್ವನಿಗೆ ಬೇರೆಯದೇ ವೇಳಾಪಟ್ಟಿ. ಇಡೀ ದಿನ ಮುದ್ರಿಸುವ ಬದಲು ಗಂಟೆಗೆ ಐದು ನಿಮಿಷ ಮುದ್ರಿಸುವುದು ಒಂದು ಮಾರ್ಗ. ಸಿ.ಡಿ. ಗುಣಮಟ್ಟದಲ್ಲಿ ಇದು ದಿನಕ್ಕೆ ಒಂದೂಕಾಲು ಗಿಗಾಬೈಟ್‌ನಷ್ಟಾಗುತ್ತದೆ. ಹಕ್ಕಿಗಳು ಹೆಚ್ಚು ಹಾಡುವ ಮುಂಜಾವಿಗೆ ಹೆಚ್ಚು ಸಮಯ ಕೊಡಬೇಕು. ಮೈಕಿಗೆ ಗಾಳಿ ತಡೆಯುವ ಹೊದಿಕೆ ಇರಬೇಕು. ಕ್ಯಾಮೆರಾ ಮತ್ತು ಧ್ವನಿಮುದ್ರಕ ಎರಡರ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಯಾವ ಸದ್ದು ಯಾವ ಚಿತ್ರದ್ದೆಂದು ತಿಳಿಯುವುದಿಲ್ಲ. ಮೈಕು ಹಕ್ಕಿಯ ಜತೆಗೆ ದಾರಿಹೋಕರ ಮಾತನ್ನೂ ಹಿಡಿಯುವುದರಿಂದ ಸುತ್ತಲಿನವರಿಗೆ ಮೊದಲೇ ತಿಳಿಸುವುದು ಸಭ್ಯತೆ.

ಜೋಡಿಸುವಾಗ ಸದ್ದಿನ ವೇಗ ಹೆಚ್ಚಿಸುವಂತಿಲ್ಲ. ಒಂದೊಂದು ಗಂಟೆಯ ಮುದ್ರಣದಿಂದ ಕೆಲವು ಸೆಕೆಂಡುಗಳನ್ನು ಆಯ್ದು, ಒಂದು ಇನ್ನೊಂದರೊಳಗೆ ಕರಗುವಂತೆ ಬೆಸೆಯುತ್ತಾರೆ. ಕಣ್ಣಿಗೆ ಇಡೀ ದಿನ, ಕಿವಿಗೆ ಆ ದಿನದ ತುಣುಕುಗಳು. ಅಮೆರಿಕದ ನೆಬ್ರಾಸ್ಕಾದಲ್ಲಿ 2011ರಲ್ಲಿ ಆರಂಭವಾದ ಪ್ಲಾಟ್ ನದಿ ಕಣಿವೆಯ ಟೈಮ್‌ಲ್ಯಾಪ್ಸ್ ಯೋಜನೆಯಲ್ಲಿ ಕ್ಯಾಮೆರಾಗಳ ಜತೆಗೆ ಧ್ವನಿ ದಾಖಲೆಯನ್ನೂ ಬಳಸಿದ್ದಾರೆ. ವಸಂತದಲ್ಲಿ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಕ್ರೌಂಚ ಪಕ್ಷಿಗಳು ಇಳಿಯುವ ಆ ನದಿಯಲ್ಲಿ ನೀರಿನ ಏರಿಳಿತ ಕಣ್ಣಿಗೆ ಕಾಣುತ್ತದೆ, ಯಾರು ಬಂದರು ಎಂಬುದು ಕಿವಿಗೆ ತಿಳಿಯುತ್ತದೆ.

ಇನ್ನೊಂದು ಉಪಾಯವೆಂದರೆ ಸದ್ದನ್ನೇ ಚಿತ್ರವಾಗಿಸುವುದು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಕ್ವೀನ್ಸ್‌ಲೆಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 24 ಗಂಟೆಗಳ ಸದ್ದನ್ನು ಒಂದೇ ಬಣ್ಣದ ಪಟದಲ್ಲಿ ಇಳಿಸುವ ವಿಧಾನ ರೂಪಿಸಿದ್ದಾರೆ. ಮುಂಜಾವಿನ ಹಕ್ಕಿಗಾನ, ಸಂಜೆಯ ಕೀಟಗಳ ದನಿ, ಮಳೆ ಎಲ್ಲವೂ ಅದರಲ್ಲಿ ಪಟ್ಟಿಗಳಾಗಿ ಕಾಣುತ್ತವೆ.

ಚಿತ್ರ ತೆಗೆದ ಮೇಲೆ ಸಂಗೀತವನ್ನು ಯಾವಾಗ ಬೇಕಾದರೂ ಸೇರಿಸಬಹುದು. ಸ್ಥಳದ ಸದ್ದನ್ನು ಹಾಗೆ ಸೇರಿಸಲು ಬರುವುದಿಲ್ಲ. ಲಿಂಕನ್ ಮೆಡೊದಲ್ಲಿ 1988ರ ಆ ಮುದ್ರಣ ಇರದಿದ್ದರೆ 1989ರ ನಿಶ್ಶಬ್ದ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕೆರೆಯನ್ನೋ ಮರವನ್ನೋ ವರ್ಷವಿಡೀ ಚಿತ್ರಿಸಬೇಕೆಂದು ಹೊರಟವರು ಕ್ಯಾಮೆರಾ ಕಟ್ಟುವ ದಿನವೇ ಮೈಕನ್ನೂ ಕಟ್ಟುವುದು ಒಳಿತು.