ಅರಸು ಹೊಲ ಕೊಟ್ಟರು, ಹೆಗಡೆ ಕುರ್ಚಿ ಕೊಟ್ಟರು – ನಮಗೆಷ್ಟು ಸಿಕ್ಕಿತು?

ಭಾರತ ಹುಣ್ಣಿಮೆಗೆ ನೀವು ಎಂದಾದರೂ ರಾಯಬಾಗ ತಾಲೂಕಿನ ಚಿಂಚಲಿಗೆ ಹೋಗಿದ್ದೀರಾ? ಮಾಯಕ್ಕದೇವಿಯ ಜಾತ್ರೆ. ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಎಲ್ಲಿ ನೋಡಿದರೂ ಭಂಡಾರದ ಹಳದಿ. ಅಲ್ಲಿ ಮರದ ನೆರಳಿಗೆ ಕೂತು ಬುತ್ತಿ ಬಿಚ್ಚಿದ್ದೆವು. ನಮ್ಮ ಗಂಡಸರು ವಾದ ಶುರು ಮಾಡಿದರು: ದೇವರಾಜ ಅರಸು ದೊಡ್ಡವರೋ, ರಾಮಕೃಷ್ಣ ಹೆಗಡೆ ದೊಡ್ಡವರೋ?

ರೊಟ್ಟಿ ಬಡಿಸುತ್ತಿದ್ದ ಅಜ್ಜಿಯೊಬ್ಬರು ಥಟ್ಟನೆ ಅಂದರು: "ಒಬ್ಬಾವ ಹೊಲಾ ಕೊಟ್ಟ, ಒಬ್ಬಾವ ಕುರ್ಚಿ ಕೊಟ್ಟ ಅಂತೀರಿ. ನಮ್ಮ ಹೆಸರು ಎಲ್ಲಿ ಬರದಾರ, ಅದನ್ನ ಹೇಳ್ರಿ!"

ನಗಬೇಡಿ ಸೋದರಿಯರೆ. ಇಬ್ಬರನ್ನೂ ತೂಗುವುದಕ್ಕೆ ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. 1974ರ ಮಾರ್ಚ್ 1ರಿಂದ ಅವರ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ 'ಫಾರಂ 7' ತುಂಬಿ ಕೊಟ್ಟು, ಭೂನ್ಯಾಯಮಂಡಳಿ ಒಪ್ಪಿದರೆ ಉಳುವ ಹೊಲ ಅವನದೇ. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಬಡವ ತನ್ನ ಮಾತಿನಲ್ಲೇ ತನ್ನ ಕಥೆ ಹೇಳಬೇಕಿತ್ತು. ಕರಾವಳಿಯಲ್ಲಿ ಇದರ ಫಲ ಬಹಳ. ನಮ್ಮ ಈ ಭಾಗ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ, 1948ರ ಮುಂಬಯಿ ಗೇಣಿ ಕಾಯದೆಯನ್ನು ಮೊದಲೇ ಕಂಡಿತ್ತು. ಆದರೆ ಎಲ್ಲಿಯೇ ಆಗಲಿ, ಹೊಲ ಬಂದದ್ದು ಮನೆಗೆ. ಹೆಸರು ಬಿದ್ದದ್ದು ಬಹುಮಟ್ಟಿಗೆ ಯಜಮಾನನದು. ಕಳೆ ಕಿತ್ತ ಕೈಗೆ ಉತಾರದಲ್ಲಿ ಜಾಗ ಸಿಗಲಿಲ್ಲ.

ಹೆಗಡೆ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ ಕಟ್ಟಿದರು. ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಜೊತೆಗಿಟ್ಟುಕೊಂಡು ಅಧಿಕಾರವನ್ನು ಬೆಂಗಳೂರಿನಿಂದ ಹಳ್ಳಿಗೆ ಇಳಿಸಿದರು. 1987ರ ಜನವರಿಯಲ್ಲಿ ನಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನ ಹೆಂಗಸರಿಗೆ! ದೇಶದ ಸಂವಿಧಾನ ಮೂರನೇ ಒಂದು ಪಾಲು ಕೊಟ್ಟದ್ದು 1993ರಲ್ಲಿ. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಇಲ್ಲಿ ಹೆಸರೇನೋ ನಮ್ಮದೇ. ಆದರೆ ಎಷ್ಟೋ ಕಡೆ ಕುರ್ಚಿಯಲ್ಲಿ ಹೆಂಡತಿ, ಮಾತಿನಲ್ಲಿ ಗಂಡ!

ಹಾಗಂತ ಇಬ್ಬರನ್ನೂ ಸಣ್ಣವರು ಅನ್ನೋಣವೇ? ಬೇಡ. ಆಪಾದನೆಗಳು ಇಬ್ಬರ ಮೇಲೂ ಬಂದವು. ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟರು. ಅರಸು 1982ರಲ್ಲಿ ಹೋದರು, ಹೆಗಡೆ 2004ರಲ್ಲಿ. ಅರಸು ಹಸಿದವನ ಹೊಟ್ಟೆಯಿಂದ ಶುರು ಮಾಡಿದರು, ಹೆಗಡೆ ಮೂಕನಾದವನ ಬಾಯಿಂದ. ಹೊಲವಿಲ್ಲದವಳ ಮಾತಿಗೆ ಸಭೆಯಲ್ಲಿ ಬೆಲೆ ಬಾರದು. ಮಾತಿಲ್ಲದವಳಿಗೆ ಹೊಲ ಇದ್ದರೂ ದಕ್ಕದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರದು ಬೇಕೇ ಬೇಕು. ಆದ್ದರಿಂದ ಯಾರು ದೊಡ್ಡವರು ಅನ್ನುವ ಜಗಳ ಗಂಡಸರಿಗಿರಲಿ. ಅವರು ಅರ್ಧಕ್ಕೆ ಬಿಟ್ಟದ್ದು ನಮ್ಮ ಪಾಲಿನ ಕೆಲಸ.

ಏನು ಮಾಡಬೇಕು ಅಂತೀರಾ? ಈ ವಾರವೇ ಮನೆಯ ಉತಾರ ತೆಗೆಸಿ ನೋಡಿ, ಯಾರ ಹೆಸರಿದೆ? ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ. ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಮುಂದಿನ ಗ್ರಾಮಸಭೆಗೆ ನೆರೆಯವರನ್ನು ಕರಕೊಂಡು ಹೋಗಿ, ಮುಂದಿನ ಸಾಲಿನಲ್ಲೇ ಕೂಡಿ. ನಿಮ್ಮೂರ ಅಧ್ಯಕ್ಷೆಯ ಬದಲು ಅವಳ ಗಂಡ ಎದ್ದು ನಿಂತರೆ, "ನಾವು ಆರಿಸಿದ್ದು ಅಕ್ಕನ್ನ, ಆಕೀನೇ ಮಾತಾಡ್ಲಿ" ಅನ್ನಿ.

ಅಜ್ಜಿಯ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗಲಿ.