ಒಣಗೂದಲಿಗೆ ಎಣ್ಣೆ, ಗೊಂಪು, ಮೆಂತ್ಯ

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ರಕ್ತವೂ ಇಲ್ಲ, ನರವೂ ಇಲ್ಲ. ಕತ್ತರಿ ಹಾಕಿದರೆ ನೋಯದಿರುವುದು ಅದಕ್ಕೇ. ತಿಂದ ಅನ್ನದ ಸತ್ವ ಸೇರುವುದು ಬುಡದಲ್ಲಿ ಹುಟ್ಟುತ್ತಿರುವ ಕೂದಲಿಗೆ ಮಾತ್ರ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟ ಮುಟ್ಟುವ ಜಡೆಯ ತುದಿ ಐದಾರು ವರ್ಷ ಹಳೆಯದು. ಅಷ್ಟು ಕಾಲ ಬಿಸಿಲು, ಬಾಚಣಿಗೆ, ಸೋಪು ಎಲ್ಲವನ್ನೂ ತಾಳಿಕೊಂಡಿರುವ ಅದಕ್ಕೆ ‘ಪೋಷಣೆ’ ಕೊಡುತ್ತೇವೆನ್ನುವ ಬಾಟಲಿಗಳ ಮಾತನ್ನು ಹಾಗೇ ನಂಬಬೇಕಾಗಿಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಇರುವ ತೇವ ಬೇಗ ಹೋಗದಂತೆ, ಮೇಲ್ಮೈ ಒರಟಾಗದಂತೆ ನೋಡಿಕೊಳ್ಳುವುದು.

ಕೂದಲಿನ ಹೊರಪದರದ ಚಕ್ಕೆಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಬಣ್ಣ, ಬ್ಲೀಚು, ಇಸ್ತ್ರಿಯ ಬಿಸಿ, ಕ್ಷಾರ ಹೆಚ್ಚಿರುವ ಸೋಪು ಇವೆಲ್ಲ ಆ ಚಕ್ಕೆಗಳನ್ನು ಎಬ್ಬಿಸುತ್ತವೆ. ಆಮೇಲೆ ನೀರು ಸಲೀಸಾಗಿ ಒಳಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಪ್ರತಿ ಸ್ನಾನಕ್ಕೂ ಕೂದಲು ಉಬ್ಬಿ, ಒಣಗಿದಾಗ ಕುಗ್ಗಿ, ದಿನ ಕಳೆದಂತೆ ಸೀಳುತ್ತದೆ. ಗುಂಗುರು ಕೂದಲಿನವರಿಗೆ ಇನ್ನೊಂದು ಕಷ್ಟ: ನೆತ್ತಿಯಲ್ಲಿ ಒಸರುವ ಜಿಡ್ಡು ಆ ಸುರುಳಿಗಳನ್ನೆಲ್ಲ ದಾಟಿ ತುದಿಯವರೆಗೆ ಇಳಿಯುವುದೇ ಇಲ್ಲ.

ಆದ್ದರಿಂದ ಎಣ್ಣೆ ಹಚ್ಚುವ ಹೊತ್ತು ಸ್ನಾನಕ್ಕೆ ಮುಂಚೆ. ನರಕ ಚತುರ್ದಶಿಯ ಅಭ್ಯಂಜನದ ಕ್ರಮವೂ ಇದೇ ಅಲ್ಲವೇ? ಮೊದಲು ಎಣ್ಣೆ, ಸ್ವಲ್ಪ ಹೊತ್ತು ನೆನೆಯುವುದು, ಆಮೇಲೆ ನೀರು. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ತೊಳೆದುಹೋಗುವುದನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. (ಇಬ್ಬರೂ ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧನಾ ವಿಭಾಗದವರು ಎಂಬುದೂ ಓದುಗರಿಗೆ ಗೊತ್ತಿರಲಿ.) ಅವರು ಕೊಡುವ ಕಾರಣ ಒಪ್ಪುವಂಥದ್ದೇ. ಕೊಬ್ಬರಿ ಎಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಸಣ್ಣದು, ನೇರವಾದದ್ದು. ಕೂದಲಿನ ಒಳಗೆ ಇಳಿಯುತ್ತದೆ. ಒಳಗೆ ಎಣ್ಣೆಯಿದ್ದರೆ ನೀರಿಗೆ ಜಾಗ ಕಡಿಮೆ, ಉಬ್ಬುವುದೂ ಕಡಿಮೆ.

ಹೆಗಲುದ್ದದ ಕೂದಲಿಗೆ ಎರಡು ಚಮಚ ಸಾಕು. ಚಳಿಗಾಲದಲ್ಲಿ ಗಟ್ಟಿಯಾಗಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ, ನೇರ ಒಲೆಯ ಮೇಲೆ ಬೇಡ. ನೆತ್ತಿಗಿಂತ ಮಧ್ಯಕ್ಕೂ ತುದಿಗೂ ಹೆಚ್ಚು ಸವರಿ ಒಂದೆರಡು ಗಂಟೆ ಬಿಡಿ. ರಾತ್ರಿಯಿಡೀ ಬಿಡಲೇಬೇಕೆಂಬ ಹಠ ದಿಂಬಿಗೆ ಒಳ್ಳೆಯದಲ್ಲ. ಹರಳೆಣ್ಣೆ ತೀರ ಮಂದ; ಅದೊಂದನ್ನೇ ಸುರಿದುಕೊಂಡರೆ ಕೂದಲು ಬಿಡಿಸಲಾರದಷ್ಟು ಗಂಟುಕಟ್ಟಬಹುದು. ಬೇಕೆಂದರೆ ಕೊಬ್ಬರಿ ಎಣ್ಣೆಗೆ ಕಾಲುಭಾಗ ಬೆರೆಸಿ.

ಎಣ್ಣೆ ತೆಗೆಯುವುದು ಹೇಗೆ ಎಂಬಲ್ಲಿಯೇ ಬಹಳ ಜನ ಎಡವುವುದು. ಸೀಗೆಕಾಯಿಯಲ್ಲೂ ಅಂಟುವಾಳದಲ್ಲೂ ನೊರೆ ಬರಿಸುವ ಸಪೋನಿನ್ ಇದೆ. ಗಿಡದಿಂದ ಬಂದದ್ದಾದರೂ ಜಿಡ್ಡನ್ನು ಅದು ಚೆನ್ನಾಗಿಯೇ ಎಳೆಯುತ್ತದೆ, ಒಣಗೂದಲಿಗೆ ದಿನದ ಬಳಕೆಗೆ ಆಗದು. ಕರಾವಳಿ, ಮಲೆನಾಡಿನ ಬಚ್ಚಲುಗಳಲ್ಲಿ ಇದಕ್ಕೆ ಮೃದುವಾದ ಬದಲಿಯಿದೆ: ಗೊಂಪು. ಹಿಡಿ ತುಂಬ ದಾಸವಾಳದ ಎಲೆಯನ್ನು ನೀರಿನಲ್ಲಿ ಹಾಕಿ ಕೈಯಿಂದ ಚೆನ್ನಾಗಿ ಕಿವುಚಿದರೆ ಲೋಳೆ ಬಿಡುತ್ತದೆ. ಅದನ್ನು ತೆಳುಬಟ್ಟೆಯಲ್ಲಿ ಸೋಸಿ ತಲೆಗೆ ಹಾಕಿ ತಿಕ್ಕುವುದು. ಸೋಸದಿದ್ದರೆ ಎಲೆಯ ಚೂರು ಆರಿಸುವುದರಲ್ಲೇ ಭಾನುವಾರ ಮುಗಿಯುತ್ತದೆ. ಗೊಂಪಿನಲ್ಲಿ ನೊರೆಯೇಳುವುದು ಕಡಿಮೆ, ಎಣ್ಣೆ ಪೂರ್ತಿ ಹೋಗುವುದೂ ಇಲ್ಲ. ಹೋಗದಿರುವುದೇ ಇಲ್ಲಿ ಲಾಭ. ಜಿಡ್ಡು ಹೆಚ್ಚೆನಿಸಿದರೆ ಒಂದು ಚಮಚ ಸೀಗೆಪುಡಿ ಸೇರಿಸಿಕೊಳ್ಳಬಹುದು.

ದಾಸವಾಳವಿಲ್ಲದ ಊರಿನವರಿಗೆ ಮೆಂತ್ಯವಿದೆ. ಎರಡು ಚಮಚ ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ಅರ್ಧ ಗಂಟೆ ಹಚ್ಚಿಟ್ಟು ತೊಳೆಯಿರಿ. ಅದರ ಲೋಳೆ ಎಳೆಗಳ ಮೇಲೆ ತೆಳುವಾಗಿ ಕೂತು ಸಿಕ್ಕು ಬಿಡಿಸಲು ಸುಲಭ ಮಾಡುತ್ತದೆ. ಅಗಸೆಬೀಜ ಕುದಿಸಿ ಸೋಸಿದ ಲೋಳೆಯದೂ ಅದೇ ಕೆಲಸ. ಲೋಳೆಸರದ ತಿರುಳು ಬಹುಪಾಲು ನೀರೇ. ಆದರೆ ಪಟ್ಟೆ ಕತ್ತರಿಸಿದೊಡನೆ ಇಳಿಯುವ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಪಟ್ಟೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿಟ್ಟು, ರಸ ಸೋರಿದ ಮೇಲೆ ತಿರುಳು ತೆಗೆಯಿರಿ. ಏನೇ ಹೊಸದಾದರೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡುವುದು ಕ್ಷೇಮ.

ಮೊಟ್ಟೆಯ ಬಗ್ಗೆ ನನಗೆ ಉತ್ಸಾಹವಿಲ್ಲ. ಅದರ ಪ್ರೋಟೀನ್ ಅಣು ಕೂದಲೊಳಗೆ ಹೋಗಲಾರದಷ್ಟು ದೊಡ್ಡದು, ಬಿಸಿನೀರು ಬಿದ್ದರೆ ತಲೆಯ ಮೇಲೆಯೇ ಬೇಯುತ್ತದೆ. ಅಡುಗೆ ಸೋಡ ಬೇಡವೇ ಬೇಡ. ಅದರ ಕ್ಷಾರ ಎದ್ದ ಚಕ್ಕೆಗಳನ್ನು ಇನ್ನಷ್ಟು ಎಬ್ಬಿಸುತ್ತದೆ.

ಬಯಲುಸೀಮೆಯ ಬೋರ್‌ವೆಲ್ ನೀರು ಬೇರೆಯೇ ಸಮಸ್ಯೆ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಅಲ್ಲಿ ತಲೆಗೆ ಸೋಪು ಹಾಕುವುದನ್ನು ಬಿಟ್ಟು, ಕೊನೆಯ ಎರಡು ಚೊಂಬು ಮಳೆನೀರೋ ಸಿಹಿನೀರೋ ಹೊಯ್ದುಕೊಂಡರೆ ಯಾವ ಲೇಪಕ್ಕಿಂತಲೂ ಹೆಚ್ಚು ಗುಣ ಕಾಣುತ್ತದೆ.

ಹೊಟ್ಟಿದ್ದವರು ನೆತ್ತಿಗೆ ಎಣ್ಣೆ ತಾಗಿಸದಿರುವುದು ಮೇಲು. ಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ. ಕೂದಲಿನ ಜೊತೆ ಮೈಚರ್ಮವೂ ಒಣಗಿ, ದಣಿವು, ಚಳಿ ತಡೆಯಲಾಗದಿರುವುದು, ಕಾರಣವಿಲ್ಲದೆ ತೂಕ ಏರುವುದು ಕಂಡುಬಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಆ ಒಣಗುವಿಕೆಗೆ ಬಚ್ಚಲಿನಲ್ಲಿ ಮದ್ದಿಲ್ಲ.